ಕೆಮರ ಹೋದರೂ ಅಕ್ಕು, ನೆಗೆಟಿವ್ ಒಳಿಶಿಗೊಳ್ಳಿ

ಈಗಾಣ ಮಕ್ಕೊಗೆ ರೀಲಿನ ಕೆಮರದ ಮರುಳು ಸುರು ಆಯಿದು. ಎನ್ನ ಅಕ್ಕನ ಮಗಳು, ಆಚಮನೆ ಅತ್ತೆಯ ಪುಳ್ಳಿ, ಮತ್ತೊಂದು ಕೂಸು, ಹೀಂಗೆ ಒಂದೇ ವರ್ಷಲ್ಲಿ ಮೂರು ಜೆನ ಎನ್ನತ್ರೆ ಕೇಳಿದವು, "ಹಳೆ ಯಾಶಿಕಾ ಒಂದು ಸಿಕ್ಕುತ್ತಡ, ತೆಕ್ಕೊಂಬಲಕ್ಕಾ?" ಹೇಳಿ. ಅವರ ಅಬ್ಬೆಕ್ಕೊ ಫೋನು ಮಾಡಿ ಹೇಳಿದ್ದು ಬೇರೆ. "ಮಾರಾಯ್ತಿ, ಕೈಲಿಪ್ಪ ಫೋನಿಲಿ ಸಾವಿರ ಪಟ ತೆಗವಲಾವುತ್ತು. ಇದೆಂತ ಮರ್ಲು ಈ ಮಕ್ಕೊಗೆ? ನೀನಾದರೂ ರಜ ಬುದ್ಧಿ ಹೇಳು."

ಆನು ಬುದ್ಧಿ ಹೇಳ್ತಿಲ್ಲೆ. ತೆಕ್ಕೊಳಲಿ ಹೇಳಿಯೇ ಎನ್ನ ಅಭಿಪ್ರಾಯ. ಆದರೆ ಶೋಕೇಸಿಲಿ ಮಡುಗುಲೆ ಆದರೆ ಬೇಡ. ರೀಲು ತೊಳೆಶಿದ ಮತ್ತೆ ನೆಗೆಟಿವಿನ ಅಂಗಡಿಲೇ ಬಿಟ್ಟಿಕ್ಕಿ ಬಪ್ಪದಾದರೆ ಅಂತೂ ಬೇಡವೇ ಬೇಡ. ಎಂತಗೆ ಹೇಳಿ ಹೇಳ್ಲೆ ರಜ ಉದ್ದ ಬರೆಯೆಕ್ಕಾವುತ್ತು. ಅಶನಕ್ಕೆ ಮಡುಗಿಕ್ಕಿ ಓದಿ.

ಎಂಗಳ ಮನೆಲಿ ಇಪ್ಪದು ಯಾಶಿಕಾ ಎಫ್‌ಎಕ್ಸ್-3 ಸೂಪರ್ 2000. ಎನ್ನ ಮದುವೆ ಕಳುದು ಮರುವರ್ಷ, 1991ರಲ್ಲಿ, ಗಲ್ಫಿಲಿ ಇದ್ದ ಮೈದುನ ರಜೆಲಿ ಬಪ್ಪಗ ತಂದದು. ಹೆಸರು ಯಾಶಿಕಾ ಆದರೂ ಇದರ ಮಾಡಿಕೊಟ್ಟದು ಜಪಾನಿನ ಕೊಸಿನಾ ಹೇಳುವ ಇನ್ನೊಂದು ಕಂಪೆನಿ. 1986ರಲ್ಲಿ ಬಂದ ಮಾಡೆಲ್ಲು. ಯಾಶಿಕಾವ 1983ರಲ್ಲೇ ಕ್ಯೋಸೆರಾ ಹೇಳುವ ಕಂಪೆನಿ ತೆಕ್ಕೊಂಡಿತ್ತು, 2005ರಲ್ಲಿ ಅವು ಕೆಮರ ಮಾಡುದನ್ನೇ ಬಿಡ್ತೆಯೊ ಹೇಳಿದವು. ಹಾಂಗಾಗಿ ಹೊಸತ್ತು ಹೇಳಿ ಇನ್ನು ಸಿಕ್ಕ. ಸ್ಪೇರು ಬೇಕಾದರೆ ಹಾಳಾದ ಇನ್ನೊಂದು ಕೆಮರದ ಹೊಟ್ಟೆಂದಲೇ ತೆಗೆಯೆಕ್ಕು.

ಈ ಕೆಮರ ನಮ್ಮ ಊರಿಂಗೆ ಹೇಳಿಯೇ ಮಾಡಿದ ಹಾಂಗಿದ್ದು ಹೇಳಿ ಎನಗೆ ಕಾಂಬದು. ಎಂತಕೆ ಹೇಳಿರೆ ಇದರ ಶಟರಿಂಗೆ ಸೆಲ್ಲು ಬೇಡ, ಸ್ಪ್ರಿಂಗಿಲೇ ಓಡುವದು. ಎರಡು ಗುಂಡಿ ಸೆಲ್ಲು ಹಾಕುದು ಬೆಣಚ್ಚು ಅಳವ ಮೀಟರಿಂಗೆ ಮಾಂತ್ರ. ಒಳ ನೋಡುವಗ ಹಸುರು ದೀಪ ಬಂದರೆ ಸರಿ ಇದ್ದು ಹೇಳಿ ಲೆಕ್ಕ, ಕೆಂಪಿನ ಪ್ಲಸ್ಸು ಬಂದರೆ ಬೆಣಚ್ಚು ಹೆಚ್ಚು, ಮೈನಸ್ಸು ಬಂದರೆ ಕಮ್ಮಿ. ಸೆಲ್ಲು ಸತ್ತರೆ ದೀಪ ಹೊತ್ತ, ಪಟ ತೆಗವಲಕ್ಕು. ಮಿಕ್ಸಿಗೂ ಕಡವ ಕಲ್ಲಿಂಗೂ ಇಪ್ಪ ವ್ಯತ್ಯಾಸ ಇದು. ಜುಲೈಲಿ ವಾರಗಟ್ಳೆ ಕರೆಂಟು ಹೋಪ ಊರಿಲಿ ಕಡವ ಕಲ್ಲಿನ ಬೆಲೆ ಎಂತರ ಹೇಳಿ ನಿಂಗೊಗೆ ಆನು ಹೇಳೆಕ್ಕು ಹೇಳಿ ಇಲ್ಲೆ.

ಹಳತ್ತು ತೆಕ್ಕೊಂಬಗ ಮೈಯ ಹೊಳಪು ನೋಡ್ಲಾಗ. ಬದನೆಕಾಯಿ ಹೆರಂದ ಎಷ್ಟು ಹೊಳದರೂ ಒಳ ಹುಳು ಇಕ್ಕು. ಲೆನ್ಸಿನ ಬೇರೆ ಮಾಡಿ ಕೊಡಿ ಹೇಳಿ ಕೇಳಿ, ಅದರ ಬಾಯಿಯ ಪೂರ್ತಿ ತೆರದು ಕಿಟಿಕಿಯ ಬೆಣಚ್ಚಿಂಗೆ ಹಿಡುದು ಹಿಂದಂದ ನೋಡಿ. ಹಪ್ಪಳಕ್ಕೆ ಬೂಸರು ಹಿಡುದ ಹಾಂಗೆ, ಜೇಡನ ಬಲೆ ಹಾಂಗೆ ಬೆಳಿ ಎಳೆ ಕಂಡರೆ ಕೆಳ ಮಡುಗಿಕ್ಕಿ ಬನ್ನಿ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆ ಇಲ್ಲೆ, ಪಟಲ್ಲಿ ಅದು ಕಾಣ. ಮತ್ತೆ ರೀಲು ಇಲ್ಲದ್ದೆ ಹಿಂದಾಣ ಬಾಗಿಲು ತೆಗದು, ಒಂದು ಸೆಕೆಂಡಿಂಗೆ ಮಡುಗಿ ಗುಬ್ಬಿ ಒತ್ತಿ. 'ಸಾವಿರದ ಒಂದು' ಹೇಳಿ ಮುಗಿವಷ್ಟು ಹೊತ್ತು ತೆರದು ಮುಚ್ಚೆಕ್ಕು. ಅರ್ಧಲ್ಲಿ ಅಂಟಿ ನಿಂದರೆ ಬೇಡ. ಆ ಪರದೆಯ ಬೆರಳಿಲಿ ಮುಟ್ಟುಲೆ ಮಾಂತ್ರ ಹೋಗೆಡಿ, ಕಾಗದಂದಲೂ ತೆಳುವಿನ ತಗಡು ಅದು.

ಬಾಗಿಲಿನ ಅಂಚಿಂಗೆ ಬೆಣಚ್ಚು ತಡವಲೆ ಕಪ್ಪು ಸ್ಪಂಜು ಇರ್ತು. ಇಪ್ಪತ್ತು ಮೂವತ್ತು ವರ್ಷ ಕಳುದರೆ ಅದು ಕರಗಿ ಬೆಲ್ಲದ ಪಾಕದ ಹಾಂಗೆ ಅಂಟುತ್ತು. ಅದರ ಕಂಡು ಹೆದರೆಡಿ. ಬೆಂಕಿಕಡ್ಡಿಯ ತುದಿಗೆ ರಜ ಸ್ಪಿರಿಟು ಮಾಡಿ ಉದ್ದಿ ತೆಗದು, ಆ ಗೀರಿಂಗೆ ಕಪ್ಪು ಉಲ್ಲನ್ ನೂಲು ಕೂರ್ಸಿರೆ ಸಾಕು. ಆನು ಹಾಕಿದ ನೂಲು ಮಗಳ ಸಣ್ಣಾಗಿಪ್ಪಗಾಣ ಸ್ವೆಟರಿನ ಬಾಕಿ, ಇಂದಿಂಗೂ ಒಂದು ಗೆರೆ ಬೆಣಚ್ಚು ಒಳ ಹೋಯಿದಿಲ್ಲೆ. ಸೆಲ್ಲು ಹಾಕುವ ಕೋಣೆಲಿ ಬೆಳಿ ಹಿಟ್ಟು ಕೂದಿದ್ದರೆ ಹತ್ತಿಗೆ ಒಂದು ಹನಿ ವಿನಿಗರ್ ಮಾಡಿ ಉದ್ದಿರೆ ಹೋವುತ್ತು. ಇನ್ನು ಮೈಯ ಕಪ್ಪು ಚರ್ಮ, ಅದು ಈ ಮಾಡೆಲ್ಲಿಲಿ ಎದ್ದು ಬಪ್ಪದೇ. ಕೆಲಸಕ್ಕೆ ಎಂತ ತೊಂದರೆಯೂ ಇಲ್ಲೆ. ಕ್ರಯ ಇಳುಶುಲೆ ಲಾಯ್ಕ ಕಾರಣ ಅಷ್ಟೆ.

ಖರ್ಚಿನ ಹುಗ್ಗುಸುಲಾಗ, ಅದನ್ನೂ ಹೇಳ್ತೆ. 36 ಪಟದ ಬಣ್ಣದ ರೀಲಿಂಗೆ ಈಗ 1,000 ರೂಪಾಯಿಯ ಆಸುಪಾಸು. ತೊಳೆಶಿ ಸ್ಕೇನ್ ಮಾಡ್ಸಿ, ಕಳುಸುವ ಖರ್ಚು ಎಲ್ಲ ಸೇರಿ ಮತ್ತೂ 500 ಹಿಡಿರಿ. ಪಟ ಒಂದಕ್ಕೆ 40 ರೂಪಾಯಿ ಬಿದ್ದ ಹಾಂಗೆ. ಹಾಂಗಾಗಿ ಎಂಗಳಲ್ಲಿ ವರ್ಷಕ್ಕೆ ಎರಡೇ ರೀಲು. ಒಂದು ಜೆಂಬಾರಕ್ಕೆ, ಒಂದು ಸುಮ್ಮನೆ. ವರ್ಷಕ್ಕೆ ಎರಡು ಸೀರೆ ತೆಕ್ಕೊಂಬವು ಇದರ ದಂಡ ಹೇಳುದು ಎನಗೆ ಒಪ್ಪಿಗೆ ಇಲ್ಲೆ.

ರೀಲು ಹಾಕುವಗ ನೆರಳಿಲಿ ನಿಂದು ಹಾಕೆಕ್ಕು. ಹಾಕಿದ ಮತ್ತೆ ಬಲದ ಕೈಯ ಸನ್ನೆಯ ಎಳವಗ ಎಡದ ಹೊಡೆಲಿಪ್ಪ ಗುಬ್ಬಿ ತಿರುಗುತ್ತೋ ನೋಡೆಕ್ಕು. ತಿರುಗದ್ದರೆ ರೀಲು ಹಲ್ಲಿಂಗೆ ಸಿಕ್ಕಿದ್ದಿಲ್ಲೆ ಹೇಳಿ ಅರ್ಥ. ಮತ್ತೆ 36 ಸರ್ತಿ ಟಿಕ್ ಟಿಕ್ ಮಾಡಿರೂ ಬಪ್ಪದು ಬರೀ ಪಟ್ಟಿ. ಎಷ್ಟೋ ಮನೆಯ ಉಪನಯನದ ಪಟ ಹೀಂಗೆ ಹೋದ್ದಿದ್ದು, ಮತ್ತೆ ಬೈಗಳು ಸ್ಟುಡಿಯೋದವಕ್ಕೆ!

ಬೆಣಚ್ಚಿನ ಲೆಕ್ಕ ಒಂದು ಇದ್ದು, ಮೀಟರ್ ಇಲ್ಲದ್ದರೂ ನೆಡೆತ್ತು. ಒಳ್ಳೆ ಬೆಶಿಲಿಂಗೆ ಲೆನ್ಸಿನ 16ರಲ್ಲಿ ಮಡುಗೆಕ್ಕು, ಶಟರಿನ ರೀಲಿನ ನಂಬ್ರಕ್ಕೆ ಹತ್ತರೆ ಮಡುಗೆಕ್ಕು. 200ರ ರೀಲಾದರೆ 250. ಆದರೆ ಇದು ಪುಸ್ತಕದ ಬೆಶಿಲು. ನಮ್ಮದು ತೋಟದ ಊರು, ಅಡಕ್ಕೆ ಮರ, ಸಿಲ್ವರ್ ಓಕು, ಅದರ ಅಡಿಲಿ ಕಾಫಿ. ಅಲ್ಲಿ ನಿಂದೊಂಡು 16 ಹೇಳಿರೆ ಪಟಲ್ಲಿ ಹಲ್ಲು ಮಾಂತ್ರ ಕಾಂಗು. 11, 8, 5.6, 4, ಹೀಂಗೆ ಒಂದೊಂದು ಮೆಟ್ಳು ಇಳುದರೂ ಬೆಣಚ್ಚು ಇಮ್ಮಡಿ. ತೋಟದ ಒಳ ಆನು 4ಕ್ಕೆ ಇಳುದು ಬಿಡ್ತೆ. ಮಳೆಗಾಲಲ್ಲಿ 400ರ ರೀಲೇ ಬೇಕು. ಸಂಶಯ ಬಂದರೆ ಬೆಣಚ್ಚು ರಜ ಹೆಚ್ಚೇ ಕೊಡಿ. ಸಾರಿಂಗೆ ಉಪ್ಪು ಕಮ್ಮಿ ಆದರೆ ಮತ್ತೆ ಹಾಕುಲಕ್ಕು, ಹೆಚ್ಚಾದರೆ ಕಷ್ಟ. ಬಣ್ಣದ ರೀಲಿಂಗೆ ಇದು ತಿರುಗ. ಹೆಚ್ಚಾದ್ದರ ಪ್ರಿಂಟು ಹಾಕುವಗ ಸರಿ ಮಾಡ್ಲೆ ಎಡಿತ್ತು, ಕಮ್ಮಿ ಆದರೆ ಆ ಜಾಗೆಲಿ ಎಂತ ಬೈಂದಿಲ್ಲೆ ಹೇಳಿಯೇ ಲೆಕ್ಕ.

ಇನ್ನು ಮಳೆಯ ವಿಷಯ. ಕೊಡಗಿಲಿ ಕೆಮರ ಸಾವದು ಪ್ರಾಯ ಆಗಿ ಅಲ್ಲ, ಥಂಡಿಗೆ. ಜೂನಿಂದ ಸೆಪ್ಟೆಂಬರಿನ ವರೆಗೆ ನಮ್ಮಲ್ಲಿ ಬೆಲ್ಟಿಂಗೆ ಬೂಸರು, ಜೋಡಿಂಗೆ ಬೂಸರು, ಪುಸ್ತಕಕ್ಕೆ ಬೂಸರು. ಲೆನ್ಸಿನ ಗಾಜಿಂಗೂ ಅದೇ ಬೂಸರು ಹಿಡಿತ್ತು. ಗಾಜಿಲಿ ತಿಂಬಲೆ ಎಂತ ಇದ್ದು ಹೇಳಿ ಕೇಳುವಿ. ಗಾಜಿನ ಮೇಗಾಣ ಧೂಳು, ಎಣ್ಣೆಪಸೆ, ಬೆರಳಿನ ಗುರ್ತು, ಇಷ್ಟು ಸಾಕು ಅದಕ್ಕೆ. ಬೆಳದ ಹಾಂಗೆ ಅದು ಬಿಡುವ ಹುಳಿ ಗಾಜಿನ ಕೊರೆತ್ತು. ಮತ್ತೆ ಬೂಸರು ಉದ್ದಿ ತೆಗದರೂ ಆ ಗುರ್ತು ಹೋಗ.

ಹೆಚ್ಚಿನವರ ಮನೆಲಿ ಆಪ್ಪದು ಹೀಂಗೆ: ಕೆಮರದೊಟ್ಟಿಂಗೆ ಬಂದ ಚರ್ಮದ ಚೀಲಲ್ಲಿ ಹಾಕಿ, ಕಪಾಟಿನ ಒಳಾಣ ಕಸ್ತಲೆಲಿ, ಪಟ್ಟೆ ಸೀರೆಯ ಒಟ್ಟಿಂಗೆ ಮಡುಗುದು, ಭದ್ರ ಹೇಳಿ. ಬೂಸರಿಂಗೆ ಬೇಕಾದ್ದದೇ! ಚರ್ಮ ಥಂಡಿಯ ಹೀರಿ ಮಡಿಕ್ಕೊಳ್ತು, ಕಸ್ತಲೆ ಇದ್ದು, ಗಾಳಿ ಇಲ್ಲೆ. ಚೀಲವ ಬೇರೆ ಮಡುಗಿ, ಕೆಮರವ ಬೇರೆ ಮಡುಗಿ. ನಫ್ತಲಿನ್ ಗುಳಿಗೆಯನ್ನೂ ಹತ್ತರೆ ತಪ್ಪಲಾಗ. ಹಾಂಗೆ ಹೇಳಿ ಒಲೆಯ ಮೇಗಾಣ ಅಟ್ಟಲ್ಲಿಯೂ ಬೇಡ. ಮದಲಾಣ ಹೆರಿಯವು ಎಲ್ಲ ಸಾಮಾನಿಂಗೂ ಅದೇ ಜಾಗೆ ಹೇಳುಗು, ಉಪ್ಪಿನಕಾಯಿ ಭರಣಿಗೆ ಅದು ಸರಿ. ಕೆಮರದ ಒಳ ಎಣ್ಣೆ ಇದ್ದು, ಬೆಶಿ ತಾಗಿರೆ ಅದು ಹರುದು ಲೆನ್ಸಿನ ಎಲೆಗಳ ಮೇಗೆ ಬಂದು ಅಂಟುತ್ತು. ಅಕ್ಕಿಯ ಡಬ್ಬಿಲಿ ಹುಗುದು ಮಡುಗುವವೂ ಇದ್ದವು. ಅಕ್ಕಿಹೊಡಿ ಒಳ ಹೋದರೆ ಅದರ ತೆಗವಲೆ ಆರಿಂದಲೂ ಎಡಿಯ.

ಎನ್ನ ಕ್ರಮ ಇದು. ಬಿಸ್ಕೇಟಿನ ದೊಡ್ಡ ಪ್ಲಾಸ್ಟಿಕ್ ಡಬ್ಬ, ರಬ್ಬರಿನ ಬಾಯಿಯದ್ದು, ಗಾಳಿ ಹೋಗದ್ದದು. ಅದರ ಅಡಿಲಿ ನೀಲಿ ಸಿಲಿಕಾ ಜೆಲ್ಲು, ತೆಳು ಹತ್ತಿ ವಸ್ತ್ರಲ್ಲಿ ಕಟ್ಟಿದ್ದು. ಅದರ ಮೇಗೆ ಕೆಮರ, ಲೆನ್ಸು ಬೇರೆ. ಸೆಲ್ಲು ತೆಗದು ಹೆರ ಮಡುಗುದು. ಜೆಲ್ಲು ಥಂಡಿ ಕುಡುದರೆ ಗುಲಾಬಿ ಬಣ್ಣ ಆವುತ್ತು. ಅಂಬಗ ಅದರ ಹಳೆ ಬಾಣಲೆಲಿ ಹಾಕಿ ಸಣ್ಣ ಕಿಚ್ಚಿಲಿ ಹೊರುದರೆ ತಿರುಗಿ ನೀಲಿ. ಜುಲೈಲಿ ಎರಡು ವಾರಕ್ಕೊಂದರಿ ಹೊರಿಯೆಕ್ಕಾವುತ್ತು. ಆ ಬಾಣಲೆಯ ಅಡಿಗಗೆ ಮತ್ತೆ ಮುಟ್ಟುಲಾಗ, ಆ ನೀಲಿ ಬಣ್ಣಲ್ಲಿ ಕೋಬಾಲ್ಟ್ ಇದ್ದು, ಹೊಟ್ಟಗೆ ಹೋಪಲಾಗ. ಮಕ್ಕೊ ಇಪ್ಪ ಮನೆಲಿ ಮೇಗೆ ಮಡುಗಿ. ಇಷ್ಟೆಲ್ಲ ಮಾಡಿಕ್ಕಿಯೂ ತಿಂಗಳಿಂಗೊಂದರಿ ಕೆಮರವ ಹೆರ ತೆಗದು, ಎಲ್ಲ ಸ್ಪೀಡಿಲಿಯೂ ಐದಾರು ಸರ್ತಿ ಗುಬ್ಬಿ ಒತ್ತಿ, ಲೆನ್ಸಿನ ಉಂಗುರ ತಿರುಗುಸಿ, ರಜ ಹೊತ್ತು ಹಗಲು ಬೆಣಚ್ಚಿಲಿ ಮಡುಗೆಕ್ಕು. ಉಪಯೋಗುಸದ್ದ ಕೆಮರ ಮಡುಗಿದಲ್ಲೇ ಹಾಳಾವುತ್ತು, ಹೊಲಿಗೆ ಮಿಶನಿನ ಹಾಂಗೆ.

ಗಾಜು ಉದ್ದುಲೆ ಸೀರೆ ಸೆರಗು ಬೇಡ. ನಮ್ಮ ಸೆರಗಿಲಿ ಒಗ್ಗರಣೆ ಎಣ್ಣೆಯೂ ಇರ್ತು, ಹೊಯಿಗೆಯ ಕಣವೂ ಇರ್ತು. ಬಾಯಿಲಿ ಉರುಗುದೂ ಬೇಡ. ರಬ್ಬರಿನ ಗಾಳಿಬುರುಡೆ ಒಂದು ಸಿಕ್ಕುತ್ತು, ಅದರಲ್ಲಿ ಮದಾಲು ಧೂಳು ಹಾರ್ಸಿಕ್ಕಿ ಮತ್ತೆ ಮೆತ್ತನೆ ವಸ್ತ್ರ. ಒಳಾಣ ಕನ್ನಾಟಿಯ ಉದ್ದುಲೇ ಆಗ. ರೀಲಿನ ಫ್ರಿಜ್ಜಿಲಿ ಮಡುಗುಲಕ್ಕು, ಆದರೆ ತೆಗದ ಕೂಡ್ಲೆ ಡಬ್ಬಿ ಬಿಡುಸುಲಾಗ. ಎರಡು ಗಂಟೆ ಹೆರ ಇರಲಿ, ಇಲ್ಲದ್ದರೆ ಮೈಯೆಲ್ಲ ಬೆಗರುತ್ತು.

ಇಷ್ಟು ಉಪಚಾರ ಎಂತಗೆ? ಕೆಮರಕ್ಕಾಗಿ ಅಲ್ಲ. ಕೆಮರ ಕಡೆಗೋಲು, ಬೆಣ್ಣೆ ನೆಗೆಟಿವು. ನಮ್ಮ ಜೆನ ಕಡೆಗೋಲಿನ ತೊಳದು ಮಡುಗಿ ಬೆಣ್ಣೆಯ ಚೆಲ್ಲಿದವು. ಪ್ರಿಂಟು ಬಂದಪ್ಪಗ ಆಲ್ಬಮಿಂಗೆ ಅಂಟುಸಿ, ನೆಗೆಟಿವಿನ ಹಳದಿ ಲಕ್ಕೋಟೆಲೇ ಬಿಟ್ಟು, ಮಕ್ಕೊಗೆ ಗ್ರಹಣ ನೋಡ್ಲೆ ಕೊಟ್ಟವೂ ಇದ್ದವು. (ಗ್ರಹಣಕ್ಕೆ ಅದು ಕಣ್ಣಿಂಗೂ ಹಾಳು.)

2018ರ ಆಗಸ್ಟು ನಿಂಗೊಗೆ ಆರಿಂಗೂ ಮರದಿರ. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಗುಡ್ಡೆ ಗುಡ್ಡೆಯೇ ಜಾರಿ ಬಂದದು. ಸಂಪಾಜೆಂದ ಮಡಿಕೇರಿಗೆ ಹೋಪ ಮಾರ್ಗ ಬಂದಾಗಿತ್ತು. ಆ ಹೊಡೆಲಿ ಎಂಗಳ ಹತ್ತರಾಣ ನೆಂಟ್ರ ಮನೆ ಒಂದಿತ್ತು. ಜೆನ ಸುಟ್ಟ ಸೀರೆಲಿ, ಉಟ್ಟ ವಸ್ತ್ರಲ್ಲಿ ಹೆರಟು ಬಂದು ಬದುಕ್ಕಿದವು. ಮನೆ ಮಣ್ಣಿನ ಅಡಿ. ಕ್ಯಾಂಪಿಲಿಪ್ಪಗ ಆನು ಹೋಗಿ ಎಂತಾರು ಬೇಕಾ ಕೇಳಿದೆ. ಅಲ್ಯಾಣ ಅಜ್ಜಿ ವಸ್ತ್ರ ಕೇಳಿದ್ದಿಲ್ಲೆ, ಪಾತ್ರ ಕೇಳಿದ್ದಿಲ್ಲೆ. "ಅವರದ್ದು ಒಂದು ಪಟ ಇತ್ತಿದ್ದು, ಅದುದೇ ಹೋತು" ಹೇಳಿತ್ತು. ಅವು ಹೇಳಿರೆ ಅಜ್ಜ, ತೀರಿಹೋಗಿ ಹದಿನೈದು ವರ್ಷ ಆಗಿತ್ತು. ಫೋನಿನ ಕಾಲಂದ ಮದಲೇ ಹೋದವು, ಆರ ಫೋನಿಲಿಯೂ ಅವರ ಮೋರೆ ಇಲ್ಲೆ.

1994ರಲ್ಲಿ ಆ ಮನೆಲಿ ಕಳುದ ಮದುವೆಲಿ ಆನು ಒಂದು ರೀಲು ತೆಗದಿತ್ತಿದ್ದೆ. ಪ್ರಿಂಟು ಅವಕ್ಕೆ ಕೊಟ್ಟು, ನೆಗೆಟಿವಿನ ಪಟ್ಟಿಗಳ ಬಟರ್ ಪೇಪರಿಲಿ ಸುತ್ತಿ, ಮೇಗಂದ ತಾರೀಕು ಬರದು ಟ್ರಂಕಿಲಿ ಮಡುಗಿತ್ತಿದ್ದೆ. ಹುಡ್ಕಿದೆ. ಜಾಲಿನ ಬೆಣಚ್ಚಿಂಗೆ ಹಿಡುದು ನೋಡಿರೆ ಒಂದರಲ್ಲಿ ಅಜ್ಜ ಅಡಿಗೆ ಕೊಟ್ಟಗೆಯ ಬಾಗಿಲಿಲಿ ಬಾಳೆಲೆ ಕಟ್ಟ ಹೆಗಲಿಲಿ ಹಿಡ್ಕೊಂಡು ನಿಂದಿದವು. ನೆಗೆಟಿವಿಲಿ ಮೋರೆ ಕಪ್ಪು, ತಲೆಕೂದಲು ಬೆಳಿ, ಆದರೂ ಅವು ಹೇಳಿ ನಿಂಬ ಕ್ರಮಲ್ಲೇ ಗೊಂತಾತು. ಬೆಂಗಳೂರಿಂಗೆ ಕಳುಸಿ ದೊಡ್ಡ ಮಾಡ್ಸಿದೆ. 24 ವರ್ಷಲ್ಲಿ ಬಣ್ಣ ರಜ ಕೆಂಪಿಂಗೆ ತಿರುಗಿತ್ತಿದ್ದು, ಅದರ ಅವು ಸರಿ ಮಾಡಿಕೊಟ್ಟವು. ಈಗ ಮದೆನಾಡಿಲಿ ಸರ್ಕಾರ ಕಟ್ಟಿಕೊಟ್ಟ ಮನೆಲಿ ಆ ಪಟ ಗೋಡೆಲಿದ್ದು. ಅಜ್ಜಿ ಅದಕ್ಕೆ ಹೂಗು ಹಾಕುಲೆ ಬಿಡ್ತಿಲ್ಲೆ ಅಡ, "ಬಾಳೆಲೆ ಹೊತ್ತೊಂಡು ಬಪ್ಪವಕ್ಕೆ ಮಾಲೆ ಎಂತಗೆ" ಹೇಳಿ.

ಅಂದ್ರಾಣ ಆ ಪಟ ಎನ್ನ ಕೈಲಿ ಆದ್ದು ಹೇಂಗೆ ಹೇಳಿರೆ, ಮಂಟಪದ ಹತ್ತರೆ ಸ್ಟುಡಿಯೋದವು ಇತ್ತಿದ್ದವು, ಅಲ್ಲಿ ಗೆಂಡುಮಕ್ಕೊ ನಿಂಗಳ ಕೆಮರ ಬೇಡ ಹೇಳಿದವು. ಆನು ಅಡಿಗೆ ಕೊಟ್ಟಗೆಯ ಹೊಡೆಂಗೆ ಹೋದೆ. ಮದುವೆ ಆಲ್ಬಮಿಲಿ ಇಪ್ಪದು ಮಂಟಪ, ವೇದಿಕೆ, ಸಾಲಿಲಿ ನಿಂದ ನೆಂಟ್ರು. ಬಾಳೆಲೆ ಹೊತ್ತವು, ಸುವರ್ಣಗೆಡ್ಡೆ ಕೊರದವು, ಹೋಳಿಗೆ ತಟ್ಟಿದವು, ಮಗುವಿಂಗೆ ಮೂಲೆಲಿ ಕೂದು ಹಾಲು ಕೊಟ್ಟವು ಆಲ್ಬಮಿಲಿ ಇಲ್ಲೆ. ಮಕ್ಕೊ ರೀಲಿನ ಕೆಮರ ತೆಕ್ಕೊಂಡರೆ ಮದಾಲು ಆ ಹೊಡೆಂಗೆ ಹೋಗಲಿ ಹೇಳಿ ಎನ್ನ ಆಶೆ.

ಹೋಮೈ ವ್ಯಾರಾವಾಲಾ ಹೇಳಿ ಒಂದು ಹೆಮ್ಮಕ್ಕೊ ಇತ್ತಿದ್ದವು, ನಮ್ಮ ದೇಶದ ಸುರುವಾಣ ಪತ್ರಿಕಾ ಛಾಯಾಗ್ರಾಹಕಿ. ಸ್ವಾತಂತ್ರ್ಯ ಬಂದ ಕಾಲದ ನೆಹರು, ಗಾಂಧಿ, ಮೌಂಟ್‌ಬ್ಯಾಟನ್ ಇವರ ಎಲ್ಲ ರೋಲಿಫ್ಲೆಕ್ಸ್, ಸ್ಪೀಡ್ ಗ್ರಾಫಿಕ್ ಹೇಳುವ ಭಾರದ ಕೆಮರಂಗಳ ಹೊತ್ತೊಂಡು, ಸೀರೆ ಸುತ್ತಿಗೊಂಡು ಹೋಗಿ ಪಟ ತೆಗದವು. ಸುರುವಿಂಗೆ ಅವರ ಪಟ ಪತ್ರಿಕೆಲಿ ಬಂದದು ಗೆಂಡನ ಹೆಸರಿಲಿ! 2011ರಲ್ಲಿ ಪದ್ಮವಿಭೂಷಣ ಬಂತು, 2012ರ ಜನವರಿಲಿ ತೀರಿಹೋದವು. ಅದೇ ತಿಂಗಳಿಲಿ ಅಮೇರಿಕದ ಕೊಡಾಕ್ ಕಂಪೆನಿ ದಿವಾಳಿ ಅರ್ಜಿ ಹಾಕಿತ್ತು. ರೀಲಿನ ಕಾಲ ಮುಗುತ್ತು ಹೇಳಿ ಎಲ್ಲೋರೂ ಹೇಳಿದ್ದು ಅಂಬಗಳೇ. ಆದರೂ ಕೊಡಾಕ್ ಹೆಸರಿನ ರೀಲು ಇಂದಿಂಗೂ ಬತ್ತಾ ಇದ್ದು.

ಎಲ್ಲ ರೀಲಿಂಗೂ ಆ ಭಾಗ್ಯ ಬೈಂದಿಲ್ಲೆ. ಅದೇ ಕೊಡಾಕಿನ ಕೊಡಾಕ್ರೋಮ್ ಹೇಳುವ ಸ್ಲೈಡಿನ ರೀಲಿಂಗೆ ತೊಳವ ಮದ್ದೇ ಬೇರೆ. 2009ರಲ್ಲಿ ಮಾಡುದರ ನಿಲ್ಸಿದವು, 2010ರ ಅಖೇರಿಗೆ ಅಮೇರಿಕದ ಕನ್ಸಾಸಿಲಿ ಇದ್ದ ಕಡೇ ಲ್ಯಾಬಿಲಿಯೂ ತೊಳವದು ನಿಂದತ್ತು. ಈಗ ಆರ ಅಟ್ಟಲ್ಲಾರೂ ಆ ರೀಲು ಸಿಕ್ಕಿರೆ ಅದರ ಬಣ್ಣ ಬರ್ಸುವ ದಾರಿ ಇಲ್ಲೆ. ನಮ್ಮ ನೆರೆಯ ಊಟಿಲೇ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಹೇಳುವ ಸರ್ಕಾರದ ಕಾರ್ಖಾನೆ ಇತ್ತು. 1967ರಿಂದ 'ಇಂದು' ಹೆಸರಿನ ಕಪ್ಪುಬೆಳಿ ರೀಲು, ಎಕ್ಸ್‌ರೇ ಫಿಲ್ಮು ಅಲ್ಲಿಂದಲೇ ಬಂದುಗೊಂಡಿತ್ತು. ಅದೂ ಮುಚ್ಚಿತ್ತು. ಹಾಂಗಾಗಿ ಮನೆಲಿ ತೆಗದ ರೀಲು ತೊಳೆಶದ್ದೆ ಬಾಕಿ ಇದ್ದರೆ, ಬಪ್ಪ ವರ್ಷಕ್ಕೆ ಹೇಳಿ ಮಡುಗೆಡಿ. ಈಗಳೇ ಕಳುಸಿ. ಕಳುಸುವಗ ಚೀಟಿಲಿ ದೊಡ್ಡಕೆ ಬರೆಯಿರಿ: ನೆಗೆಟಿವ್ ವಾಪಾಸು ಬೇಕು. ಈಗಾಣ ಮಕ್ಕೊ ಸ್ಕೇನ್ ಮಾಡಿದ ಫೈಲು ಫೋನಿಂಗೆ ಬಂದರೆ ಆತು ಹೇಳಿ ಸುಮ್ಮನೆ ಕೂರ್ತವು, ಪಟ್ಟಿಗೊ ಅಲ್ಲಿ ಕಸದ ಒಟ್ಟಿಂಗೆ ಹೋವುತ್ತು. ಮತ್ತೆ ಆ 40 ರೂಪಾಯಿ ಎಂತಗೆ ಕೊಟ್ಟದು? ಫೈಲು ಬೇಕಾದರೆ ಫೋನೇ ಸಾಕಾತನ್ನೆ.

ಬಂದ ಪಟ್ಟಿಗಳ ಅಂಚಿಲಿ ಮಾಂತ್ರ ಹಿಡಿಯೆಕ್ಕು. ಪ್ಲಾಸ್ಟಿಕ್ಕಿನ ಸಾದಾ ಕವರಿಲಿ ಹಾಕಿರೆ ಮಳೆಗಾಲಲ್ಲಿ ಅಂಟಿ ಹಿಡಿತ್ತು, ಕಾಗದ ಒಳ್ಳೆದು. ಅದೂ ಜೆಲ್ಲಿನ ಡಬ್ಬಿಲೇ ಇರಲಿ, ಕೆಮರಂದ ಬೇರೆ ಡಬ್ಬಿಲಿ. ಎಡಿಗಾದರೆ ಡಬ್ಬಿಯ ಬೇರೆ ಊರಿನ ಮನೆಲಿ ಮಡುಗಿ, ಪ್ರಿಂಟು ಒಂದು ಮನೆಲಿ, ನೆಗೆಟಿವು ಇನ್ನೊಂದು ಮನೆಲಿ. ನೀರು ಹೊಕ್ಕು ಪಟಂಗೊ ಒಂದಕ್ಕೊಂದು ಅಂಟಿರೆ ಒಣಗುಲೆ ಬಿಡ್ಲಾಗ. ಚೆಂಡಿ ಇಪ್ಪಗಳೇ ತಣ್ಣನೆ ಶುದ್ಧ ನೀರಿಲಿ ಮುಳುಗುಸಿ, ಮೆಲ್ಲಂಗೆ ಬೇರೆ ಮಾಡಿ, ಮೋರೆ ಮೇಗೆ ಮಾಡಿ ನೆರಳಿಲಿ ಒಣಗುಸಿ. 2018ರಲ್ಲಿ ಇದು ಗೊಂತಿದ್ದರೆ ಎಷ್ಟೋ ಆಲ್ಬಮ್ ಒಳಿತ್ತಿತ್ತು. ಬೆಶಿಲಿಂಗೆ ಮಡುಗಿ ಇಟ್ಟಿಗೆ ಹಾಂಗೆ ಮಾಡಿ, ಮತ್ತೆ ಹರುದು ತೆಗವಲೆ ಹೆರಟವು.

ಅಕ್ಕನ ಮಗಳು ಅಖೇರಿಗೆ ಕೆಮರ ತೆಕ್ಕೊಂಡತ್ತು. ಲೆನ್ಸಿಲಿ ಬೂಸರಿಲ್ಲೆ, ಚರ್ಮ ಎದ್ದಿದು, ಸ್ಪಂಜು ಕರಗಿದ್ದು. ನೂಲು ಆನು ಹಾಕಿಕೊಟ್ಟಿದೆ. ಉಳುದವಕ್ಕೂ ಬೇಕಾದರೆ ಕಪ್ಪು ಉಲ್ಲನ್ ಇನ್ನೂ ಅರ್ಧ ಉಂಡೆ ಇದ್ದು, ರಬ್ಬರಿನ ಬಾಯಿಯ ಡಬ್ಬ ಎರಡು ಹೆಚ್ಚಿಂಗೆ ಇದ್ದು. ಮಳೆ ಹಿಡಿವಂದ ಮದಲೆ ಬಂದು ಕೊಂಡೋಗಿ.